ವೈದ್ಯರ ಕಿವಿ, ರೋಗಿಯ ನುಡಿ

(ನಾಚಾರಂನಲ್ಲಿ ಕನ್ನಡ ಕುಟುಂಬಗಳೂ ಬಡಾವಣೆಯ ವೈದ್ಯರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ವೈದ್ಯರು ಕುಳಿತಿರುವ ಸಭೆಯಲ್ಲಿ ಚಿಕಿತ್ಸೆಯ ವಿಷಯ ಮಾತನಾಡಲು ಬ್ಯಾಂಕಿನ ಗುಮಾಸ್ತರಾದ ನಾವು ಎದ್ದು ನಿಂತುದನ್ನು ಕಂಡು ಕೆಲವರಿಗೆ ನಗೆ ಬಂದಿರಬಹುದು. ನಾವು ಓದಿದ್ದು ಬಿ.ಕಾಂ. ನಾಡಿ ಹಿಡಿದು ನೋಡಲು ನಮಗೆ ಬಾರದು. ಖಾತೆ ಹಿಡಿದು ನೋಡಬಲ್ಲೆವು, ಅಷ್ಟೆ. ಆದರೆ ಕಾಯಿಲೆಯ ಮನೆಗೂ ಬ್ಯಾಂಕಿನ ಕಟಕಟೆಗೂ ನಂಟು ಬಹಳ ಹತ್ತಿರದ್ದು. ಮನೆಯಲ್ಲಿ ಯಾರಾದರೂ ಮಲಗಿದರೆ ಮೂರನೆಯ ದಿನ ಆ ಮನೆಯವರು ನಮ್ಮ ಮುಂದೆ ಬಂದು ನಿಲ್ಲುತ್ತಾರೆ. ಹಣ ತೆಗೆಯಲು, ಠೇವಣಿ ಮುರಿಯಲು, ಒಡವೆ ಅಡವಿಡಲು ಬರುತ್ತಾರೆ. ಹಾಗೆ ಬಂದ ಒಬ್ಬರ ಕಥೆಯಿಂದಲೇ ಈ ಮಾತು ಮೊದಲಾಯಿತೆನ್ನಬಹುದು.

ಸೇಡಂ ಕಡೆಯ ದಂಪತಿಗಳು. ಗಂಡ ಇಲ್ಲಿಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸಗಾರ. ಹೆಂಡತಿಗೆ ಬಹು ದಿನದಿಂದ ಹೊಟ್ಟೆನೋವು. ಊರ ಒಂದು ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಂದು, ಎರಡು ಬಳೆಗಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಚಿನ್ನದ ಸಾಲಕ್ಕೆ ಬಂದರು. ಏಕೆ ಎಂದು ಕೇಳಿದೆವು. “ಆಪರೇಷನ್ ಮಾಡ್ಸಬೇಕಂತ್ರಿ. ಅವಸರ ಏನಿಲ್ಲ, ನಿಧಾನಕ್ಕ ಮಾಡಿದ್ರ ನಡೀತದ ಅಂದಾರ. ಅದಕ್ಕ ರೊಕ್ಕ ಈಗ್ಲೇ ಕೂಡ್ಸಿ ಇಡ್ತೀವ್ರಿ” ಎಂದರು. ಡಾಕ್ಟರು ಆಡಿದ ಮಾತನ್ನು ಅವರು ಆಡಿದ ಹಾಗೆಯೇ ಹೇಳಿ ಎಂದು ನಾವು ಕೇಳಿದೆವು. ಆಕೆ ಜಾಣೆ, ನೆನಪಿಟ್ಟುಕೊಂಡಿದ್ದಳು. “ಆಪರೇಷನ್ ಅವಸರಂ ಲೇದು.”

ಸಭಿಕರಲ್ಲಿ ತೆಲುಗು ಬಲ್ಲವರು ಆಗಲೇ ನಗುತ್ತಿದ್ದಾರೆ. ತೆಲುಗಿನಲ್ಲಿ ‘ಅವಸರಂ’ ಎಂದರೆ ಅಗತ್ಯ. ಡಾಕ್ಟರು ಹೇಳಿದ್ದು ಆಪರೇಷನ್ ಬೇಕಾಗಿಲ್ಲ ಎಂದು. ಕನ್ನಡದ ಕಿವಿ ಕೇಳಿದ್ದು ಆಪರೇಷನ್‌ಗೆ ತ್ವರೆಯಿಲ್ಲ ಎಂದು. ಹೇಳಿದವರದೂ ತಪ್ಪಲ್ಲ, ಕೇಳಿದವರದೂ ತಪ್ಪಲ್ಲ. ನಡುವೆ ಎರಡು ಬಳೆಗಳು ಅಡವಿಗೆ ಬೀಳುವುದರಲ್ಲಿದ್ದುವು. ಅವರನ್ನು ಹಿಂದಕ್ಕೆ ಕಳಿಸಿ, ಇನ್ನೊಮ್ಮೆ ವಿಚಾರಿಸಿಕೊಂಡು ಬರಲು ಹೇಳಿದೆವು. ಬಳೆಗಳು ಮತ್ತೆ ಬರಲಿಲ್ಲ. ನಮ್ಮ ಶಾಖೆಗೆ ಒಂದು ಸಾಲ ಕಡಿಮೆಯಾಯಿತು, ಮ್ಯಾನೇಜರ್ ಸಾಹೇಬರಿಗೆ ನಾವು ಇದನ್ನು ಹೇಳಿಲ್ಲ.

ಕನ್ನಡ ತೆಲುಗು ಅಕ್ಕತಂಗಿಯರೆಂದು ವೇದಿಕೆಗಳಲ್ಲಿ ಹೇಳುವುದುಂಟು. ನಿಜವೇ. ಆದರೆ ಅಕ್ಕತಂಗಿಯರು ಒಂದೇ ಸೀರೆಯನ್ನು ಬೇರೆ ಬೇರೆಯಾಗಿ ಉಡುತ್ತಾರೆ. ಪೂರ್ತಿ ಬಾರದ ಭಾಷೆಯಿಂದ ಇಷ್ಟು ಅಪಾಯವಿಲ್ಲ. ಬಾರದೆಂದು ಗೊತ್ತಿರುವುದರಿಂದ ಮನುಷ್ಯ ಎಚ್ಚರಿಕೆಯಿಂದಿರುತ್ತಾನೆ, ಯಾರನ್ನಾದರೂ ಕೇಳುತ್ತಾನೆ. ಅರ್ಧ ಬರುವ ಭಾಷೆಯಲ್ಲಿ, ಅರ್ಥವಾಯಿತೆಂದು ತಲೆಯಾಡಿಸಿ ಬರುತ್ತಾನೆ. ‘ಪ್ರಮಾದಂ ಏಮೀ ಲೇದು’ ಎಂದು ವೈದ್ಯರು ಧೈರ್ಯ ಹೇಳಿದರೆ, ನಮ್ಮವರು ‘ನಮ್ಮದೇನೂ ತಪ್ಪಿಲ್ಲ ಅಂದರು’ ಎಂದು ಮನೆಗೆ ಬರುತ್ತಾರೆ. ತೆಲುಗಿನ ಪ್ರಮಾದ ಅಪಾಯ, ಕನ್ನಡದ ಪ್ರಮಾದ ತಪ್ಪು. ‘ನೀರಸಂಗಾ ಉಂದಾ?’ ಎಂದು ನಿಶ್ಶಕ್ತಿಯ ವಿಷಯ ಕೇಳಿದರೆ, ನಮ್ಮ ಹಿರಿಯರೊಬ್ಬರು ‘ಇಲ್ಲ, ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ, ಬೇಸರವಿಲ್ಲ’ ಎಂದರಂತೆ. ‘ಕಳ್ಳು ಮಂಡುತುನ್ನಾಯಾ?’ ಎಂಬ ಪ್ರಶ್ನೆ ಕಣ್ಣುರಿಯ ವಿಷಯ. ಅದನ್ನು ಕೇಳಿ ಸಿಡಿಮಿಡಿಗೊಂಡು, ‘ನಮ್ಮ ವಂಶದಲ್ಲಿ ಯಾರೂ ಕಳ್ಳು ಮುಟ್ಟಿದವರಲ್ಲ’ ಎಂದ ಆಚಾರವಂತರೂ ನಮ್ಮಲ್ಲಿದ್ದಾರೆ. ಇದಕ್ಕೆ ಉರ್ದುವಿನ ಒಗ್ಗರಣೆ ಬೇರೆ. ಮೈ ಹುಷಾರಿಲ್ಲ ಎಂದರೆ ಉರ್ದು ಬಲ್ಲ ಕಾಂಪೌಂಡರನ ಕಿವಿಗೆ ಈತ ಜಾಣನಲ್ಲ ಎಂದಂತಾಗುತ್ತದೆ. ಸುಸ್ತು ಎಂದರೆ ಸೋಮಾರಿತನ ಎಂದಾಗುತ್ತದೆ.

ನಗಬಹುದಾದ್ದಕ್ಕೆ ನಕ್ಕಾಯಿತು. ನಗಲಾಗದ ಒಂದನ್ನು ಹೇಳುತ್ತೇವೆ. ‘ಆಯಾಸ’ ಎಂಬ ಶಬ್ದವನ್ನು ತೆಗೆದುಕೊಳ್ಳಿ. ಕನ್ನಡದಲ್ಲಿ ದಣಿವು. ತೆಲುಗಿನಲ್ಲಿ ‘ಆಯಾಸಂ’ ಎಂದರೆ ಉಸಿರು ಕಟ್ಟುವುದು, ಮೇಲುಸಿರು. ಚಿಂಚೋಳಿ ತಾಲ್ಲೂಕಿನಿಂದ ಬಂದು ಮಗನ ಮನೆಯಲ್ಲಿದ್ದ ನಿವೃತ್ತ ಶಾಲಾ ಮಾಸ್ತರರೊಬ್ಬರಿಗೆ ಕಾಲು ಬಾತು, ರಾತ್ರಿ ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಎದ್ದು ಕುಳಿತರೆ ಹಗುರಾಗುತ್ತಿತ್ತು. ಮಗ ಕೆಲಸಕ್ಕೆ ಹೋಗಿದ್ದಾಗ ನೆರೆಯವರು ಅವರನ್ನು ಆಟೋದಲ್ಲಿ ಒಂದು ಆಸ್ಪತ್ರೆಗೆ ಕರೆದೊಯ್ದರು. ಜನ ಕಿಕ್ಕಿರಿದಿದ್ದರು. ತರುಣ ವೈದ್ಯರು ಕಾಲು ನೋಡಿ, ‘ಆಯಾಸಂ ಉಂದಾ?’ ಎಂದು ಸರಿಯಾದ ಪ್ರಶ್ನೆಯನ್ನೇ ಕೇಳಿದರು. ಮಾಸ್ತರರು ಅಂದು ಮಧ್ಯಾಹ್ನ ಕುರ್ಚಿಯಲ್ಲಿ ಕುಳಿತೇ ಎರಡು ಗಂಟೆ ನಿದ್ದೆ ಮಾಡಿದ್ದರು. ‘ಇಲ್ಲ, ಆಯಾಸವಿಲ್ಲ’ ಎಂದರು. ಕಾಲಿನ ಬಾವಿಗೆ ಮಾತ್ರೆ ಬಂತು. ಮಾರನೆಯ ರಾತ್ರಿ ಎರಡು ಗಂಟೆಗೆ ಅವರನ್ನು ಹೊತ್ತುಕೊಂಡು ಓಡಬೇಕಾಯಿತು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಹನ್ನೊಂದು ದಿನ ಇದ್ದು ಮನೆಗೆ ಬಂದರು. ಬದುಕಿಕೊಂಡರು ಎಂಬುದೇ ಸಮಾಧಾನ. ಆ ತರುಣ ವೈದ್ಯರಿಗೆ ಇದಾವುದೂ ಗೊತ್ತಿರಲಾರದು. ಅವರ ಚೀಟಿಯಲ್ಲಿ ‘ಉಸಿರಾಟದ ತೊಂದರೆ ಇಲ್ಲವೆಂದು ರೋಗಿ ಹೇಳಿರುತ್ತಾರೆ’ ಎಂದೇ ಬರೆದಿತ್ತು.

ಇಂಥದು ನಮ್ಮ ಬಡಾವಣೆಯಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ೧೯೮೦ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಹದಿನೆಂಟು ವರ್ಷದ ಹುಡುಗನೊಬ್ಬನನ್ನು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಕ್ಯೂಬಾ ಮೂಲದ ಸ್ಪ್ಯಾನಿಷ್ ಮನೆಮಾತಿನ ಕುಟುಂಬ. ‘ಇಂತೊಕ್ಸಿಕಾದೊ’ ಎಂದು ಮನೆಯವರು ಹೇಳಿದರು. ತಿಂದದ್ದೇನೋ ಮೈಗೆ ಒಗ್ಗದೆ ಹೀಗಾಗಿದೆ ಎಂಬುದು ಅವರ ಭಾವ. ಇಂಗ್ಲಿಷಿನ ಕಿವಿಗೆ ಅದು ಅಮಲು ಎಂದು ಕೇಳಿಸಿತು. ಮಾದಕ ವಸ್ತು ಸೇವಿಸಿದ್ದಾನೆಂದು ಆ ದಾರಿಯಲ್ಲೇ ಚಿಕಿತ್ಸೆ ನಡೆಯಿತು. ಮೆದುಳಿನಲ್ಲಿ ರಕ್ತಸ್ರಾವವಾಗಿರುವುದು ತಿಳಿಯುವ ವೇಳೆಗೆ ತಡವಾಗಿ, ಹುಡುಗನ ಕೈಕಾಲುಗಳೆಲ್ಲ ಬಿದ್ದುಹೋದುವು. ಅಲ್ಲಿಯೂ ದುಭಾಷಿಯನ್ನು ಯಾರೂ ಕರೆಯಲಿಲ್ಲ. ಏಕೆಂದರೆ ಅರ್ಥವಾಗಿದೆಯೆಂದು ಎರಡು ಕಡೆಯವರೂ ನಂಬಿದ್ದರು.

ಈಗ ವೈದ್ಯರ ಓದಿನ ವಿಷಯಕ್ಕೆ ಬರೋಣ. ಇಂದಿನ ಸಭೆಯನ್ನು ಕರೆದದ್ದೂ ಅದಕ್ಕಾಗಿಯೆ. ಪದವಿ ಪಡೆದು ಬೋರ್ಡು ಹಾಕಿದ ಮೇಲೂ ವೈದ್ಯರು ಓದುತ್ತಿರಬೇಕೆಂಬುದು ನಿಯಮ. ೨೦೦೨ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಹೊರಡಿಸಿದ ನೀತಿ ನಿಯಮಾವಳಿಯ ಪ್ರಕಾರ ಪ್ರತಿಯೊಬ್ಬ ವೈದ್ಯರೂ ಐದು ವರ್ಷಗಳಿಗೆ ಕಡಿಮೆಯೆಂದರೆ ೩೦ ಗಂಟೆಗಳನ್ನು ಮುಂದುವರಿದ ಶಿಕ್ಷಣದ ಸಭೆಗಳಲ್ಲಿ ಕಳೆಯಬೇಕು. ಆ ಪರಿಷತ್ತು ಹೋಗಿ ೨೦೨೦ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. ಆಯೋಗ ೨೦೨೩ರ ಆಗಸ್ಟಿನಲ್ಲಿ ಹೊಸ ನಿಯಮಾವಳಿಯನ್ನು ಪ್ರಕಟಿಸಿ, ಅದೇ ತಿಂಗಳಲ್ಲಿ ಅದನ್ನು ತಡೆಹಿಡಿದು, ಹಳೆಯದನ್ನೇ ಮತ್ತೆ ಜಾರಿಗೆ ತಂದಿತು. ಐದು ವರ್ಷಕ್ಕೆ ಮೂವತ್ತು ಗಂಟೆ ಎಂದರೆ ತಿಂಗಳಿಗೆ ಅರ್ಧ ಗಂಟೆ. ಲೆಕ್ಕ ನಮ್ಮ ಕಸುಬು, ಕ್ಷಮಿಸಬೇಕು. ಈ ಅರ್ಧ ಗಂಟೆಯಲ್ಲಿ ಹೊಸ ಔಷಧ, ಹೊಸ ಯಂತ್ರ, ಹೊಸ ಶಸ್ತ್ರಕ್ರಿಯೆಗಳ ವಿಷಯ ಕೇಳುತ್ತಾರೆ. ಕೇಳಬೇಕಾದ್ದೇ. ಔಷಧದ ಕಂಪನಿಗಳು ಊಟೋಪಚಾರಕ್ಕೆ ನೆರವಾಗುವುದರಿಂದ ಔಷಧದ ಮಾತು ಕೊಂಚ ಹೆಚ್ಚೇ ಆಗುತ್ತದೆಂದು ವೈದ್ಯಮಿತ್ರರೇ ನಮ್ಮೊಡನೆ ನಗುತ್ತ ಹೇಳಿದ್ದಾರೆ. ರೋಗಿಯ ಮಾತನ್ನು ಕೇಳುವ ವಿದ್ಯೆಗೆ ಯಾವ ಕಂಪನಿ ಊಟ ಹಾಕೀತು?

ಹೊಸ ತಲೆಮಾರಿನ ಮಟ್ಟಿಗೆ ಒಂದು ಒಳ್ಳೆಯ ಕೆಲಸ ನಡೆದಿದೆ. ೨೦೧೯ರಲ್ಲಿ ಎಂ.ಬಿ.ಬಿ.ಎಸ್. ಸೇರಿದವರಿಂದ ಮೊದಲುಗೊಂಡು ನಡತೆ, ನೀತಿ, ಸಂವಹನ ಇವು ಪಾಠಕ್ರಮದಲ್ಲಿಯೇ ಸೇರಿವೆ. ಆರಂಭದ ಪೀಠಿಕಾ ಶಿಕ್ಷಣದಲ್ಲಿ, ಕಾಲೇಜು ಯಾವ ಊರಿನಲ್ಲಿದೆಯೋ ಆ ಊರಿನ ಭಾಷೆಯನ್ನು ಕಲಿಸಲು ಅವಕಾಶ ಮಾಡಿದ್ದಾರೆ. ಆದರೆ ಅದಕ್ಕೆ ಮುಂಚೆ ಓದಿ ಹೊರಬಂದು ಇಂದು ನಮ್ಮನ್ನು ನೋಡುತ್ತಿರುವ ವೈದ್ಯರೇ ಹೆಚ್ಚು. ಅವರಿಗೆ ಇದನ್ನು ಕಲಿಯಲು ಉಳಿದಿರುವುದು ಆ ತಿಂಗಳ ಅರ್ಧ ಗಂಟೆಯೇ. ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ ೨೦೦೬ರ ಜುಲೈಯಿಂದ ಒಂದು ಶಾಸನವಿದೆ. ರೋಗಿಯ ಚಿಕಿತ್ಸೆಗೆ ಸಂಬಂಧಿಸಿದ ಮುಂದುವರಿದ ಶಿಕ್ಷಣದ ಪಾಠ ಯಾವುದೇ ಇರಲಿ, ಸಕ್ಕರೆ ಕಾಯಿಲೆಯದಾಗಲಿ ಹೃದಯದ್ದಾಗಲಿ, ಅದರೊಳಗೆ ರೋಗಿಯ ಭಾಷೆ ಮತ್ತು ಸಂಸ್ಕೃತಿಯ ವಿಚಾರ ಸೇರಿರಬೇಕು. ಅದನ್ನು ಬೇರೆ ಪಾಠವಾಗಿ ಮೂಲೆಯಲ್ಲಿಡದೆ ಎಲ್ಲ ಪಾಠಗಳಲ್ಲೂ ಬೆರೆಸಿದ್ದು ನಮಗೆ ಬಹಳ ಮೆಚ್ಚಿಕೆಯಾಯಿತು. ಉಪ್ಪನ್ನು ಯಾರೂ ಬೇರೆ ತಟ್ಟೆಯಲ್ಲಿ ಉಣ್ಣುವುದಿಲ್ಲ.

ಈ ಊರಿಗೆ ಇದು ಹೊಸ ಪ್ರಶ್ನೆಯೂ ಅಲ್ಲ. ೧೮೪೬ರಲ್ಲಿ ಇಲ್ಲಿ ವೈದ್ಯಶಾಲೆ ಆರಂಭವಾದಾಗ ಬ್ರಿಟಿಷ್ ವೈದ್ಯರ ವಿದ್ಯೆಯನ್ನು ಉರ್ದುವಿನಲ್ಲಿ ಕಲಿಸಿದರು. ದೇಶಭಾಷೆಯಲ್ಲಿ ಶರೀರಶಾಸ್ತ್ರ ಹೇಳಬಹುದೆಂದು ಇದೇ ಹೈದರಾಬಾದು ಆಗಲೇ ತೋರಿಸಿತ್ತು. ಮುಂದೆ ೧೯೧೮ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನು ಬೋಧನ ಭಾಷೆಯಾಗಿಟ್ಟುಕೊಂಡೇ ಹುಟ್ಟಿತು. ಸಾಹಸವೇ ಸರಿ. ಆದರೆ ಆ ಸಂಸ್ಥಾನದ ರೋಗಿಗಳಲ್ಲಿ ತೆಲುಗರಿದ್ದರು, ಮರಾಠರಿದ್ದರು; ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ನಮ್ಮ ಹಿರಿಯರಿದ್ದರು. ವೈದ್ಯನಿಗೆ ದೇಶಭಾಷೆಯಾದದ್ದು ರೋಗಿಗೆ ಮತ್ತೊಂದು ಪರಭಾಷೆಯಾಗಿತ್ತು. ೧೯೪೮ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ೧೯೫೬ರ ನವೆಂಬರ್ ೧ರಂದು ಆ ಮೂರು ಜಿಲ್ಲೆಗಳ ಕನ್ನಡ ಭಾಗ ಮೈಸೂರು ರಾಜ್ಯವನ್ನು ಸೇರಿತು. ನಾವು ಹಬ್ಬ ಮಾಡುವುದು ಆ ದಿನವನ್ನೇ. ಆದರೂ ದೊಡ್ಡ ಕಾಯಿಲೆಯಾದರೆ ಹೈದರಾಬಾದಿನ ರೈಲು ಹತ್ತುವ ವಾಡಿಕೆ ಆ ಕಡೆಯವರಿಗೆ ಇನ್ನೂ ತಪ್ಪಿಲ್ಲ. ರಾಜ್ಯದ ಗಡಿಯನ್ನು ಒಂದು ದಿನದಲ್ಲಿ ಬದಲಾಯಿಸಬಹುದು, ಆಸ್ಪತ್ರೆಯ ದಾರಿಯನ್ನು ಬದಲಾಯಿಸುವುದು ಕಷ್ಟ.

ನಾಚಾರಂನಲ್ಲಿ ಇರುವ ನಮ್ಮ ಜನರಲ್ಲಿ ಕಾರ್ಖಾನೆಯ ಕೆಲಸಗಾರರು ಬಹಳ. ಕಾರ್ಮಿಕರ ರಾಜ್ಯ ವಿಮಾ ಶಾಸನ ೧೯೪೮ರಲ್ಲಿ ಆಯಿತು. ೧೯೫೨ರ ಫೆಬ್ರವರಿ ೨೪ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಆರಂಭಗೊಂಡಿತು. ನಮ್ಮ ಬಡಾವಣೆಯಲ್ಲಿಯೇ ಆ ಯೋಜನೆಯ ಆಸ್ಪತ್ರೆಯೊಂದಿದೆ. ೨೦೧೯ರ ಜುಲೈಯಲ್ಲಿ ದರವನ್ನು ಇಳಿಸಿ ಕೆಲಸಗಾರನ ಪಾಲನ್ನು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನ ಪಾಲನ್ನು ಮೂರೂಕಾಲು ರೂಪಾಯಿ ಎಂದು ನಿಗದಿ ಮಾಡಿದರು. ಹದಿನಾರು ಸಾವಿರ ಸಂಬಳದವನು ತಿಂಗಳಿಗೆ ನೂರಿಪ್ಪತ್ತು ರೂಪಾಯಿ ಕಟ್ಟಿದಂತಾಯಿತು. ಕನ್ನಡದವನೂ ನೂರಿಪ್ಪತ್ತು, ತೆಲುಗಿನವನೂ ನೂರಿಪ್ಪತ್ತು, ಒಡಿಶಾದಿಂದ ಬಂದವನೂ ನೂರಿಪ್ಪತ್ತು. ವಂತಿಗೆ ಸಮವಾದ ಮೇಲೆ ಆ ಹಣಕ್ಕೆ ದೊರೆಯುವ ಚಿಕಿತ್ಸೆ, ನಾಲಗೆ ನೋಡಿ ಹೆಚ್ಚು ಕಡಿಮೆಯಾಗಬಾರದು. ನಾವು ಸಮಾನತೆ ಎಂಬ ದೊಡ್ಡ ಮಾತನ್ನು ಅರ್ಥಮಾಡಿಕೊಂಡಿರುವುದು ಇಷ್ಟು.

ಇನ್ನು ಮಕ್ಕಳ ವಿಷಯ. ಇದನ್ನು ವೈದ್ಯರಿಗಿಂತ ಹೆಚ್ಚಾಗಿ ನಮ್ಮ ತಾಯಂದಿರು ಗಮನವಿಟ್ಟು ಕೇಳಬೇಕು. ನಮ್ಮ ಮನೆಗಳಲ್ಲಿ ತೆಲುಗು, ಹಿಂದಿ, ಇಂಗ್ಲಿಷುಗಳನ್ನು ಚೆನ್ನಾಗಿ ಬಲ್ಲವರೆಂದರೆ ಶಾಲೆಗೆ ಹೋಗುವ ಮಕ್ಕಳು. ಅಜ್ಜಿಯನ್ನು ತೋರಿಸಬೇಕಾದರೆ ಮೊಮ್ಮಗನನ್ನು ಜೊತೆಗೆ ಕಳಿಸುವುದು ವಾಡಿಕೆಯಾಗಿದೆ. ಮುಟ್ಟು ನಿಂತು ಹದಿಮೂರು ವರ್ಷವಾಗಿದ್ದ ಒಬ್ಬ ಅಜ್ಜಿಗೆ ಮತ್ತೆ ರಕ್ತ ಕಾಣಿಸಿಕೊಂಡಿತು. ಆಕೆ ಹನ್ನೊಂದು ವರ್ಷದ ಮೊಮ್ಮಗನೊಡನೆ ವೈದ್ಯರ ಬಳಿಗೆ ಹೋದಳು. ಆ ಮಗುವಿನ ಬಾಯಲ್ಲಿ ಇದನ್ನು ಹೇಗೆ ಹೇಳಿಸುವುದು? ‘ಸೊಂಟ ನೋವು ಅಂತ ಹೇಳಪ್ಪಾ’ ಎಂದಳು. ಸೊಂಟದ ನೋವಿಗೆ ತೈಲ, ಮಾತ್ರೆ. ಇನ್ನೊಮ್ಮೆ ಹೋದಾಗಲೂ ಸೊಂಟದ ನೋವೇ. ಎಂಟು ತಿಂಗಳು ಹೀಗೆಯೇ ಕಳೆದುವು. ಊರಿಂದ ಮಗಳು ಬಂದು ಬಟ್ಟೆ ಒಗೆಯುವಾಗ ಕಂಡುಹಿಡಿದಳು. ಆಮೇಲೆ ಪರೀಕ್ಷೆಯಾಗಿ ಗರ್ಭಕೋಶದ ಕ್ಯಾನ್ಸರೆಂದು ಗೊತ್ತಾಯಿತು. ಈಗ ಚಿಕಿತ್ಸೆ ನಡೆಯುತ್ತಿದೆ. ಆಕೆಯ ಮನೆಯವರ ಒಪ್ಪಿಗೆಯಿಂದಲೇ ಇದನ್ನು ಹೇಳುತ್ತಿದ್ದೇವೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ತಡಮಾಡದೆ ತೋರಿಸಬೇಕು ಎಂಬ ಮಾತು ಎಲ್ಲ ವೈದ್ಯರಿಗೂ ಗೊತ್ತು. ಆದರೆ ಅದನ್ನು ಕೇಳಿ ತಿಳಿಯುವ ಪ್ರಶ್ನೆ ಹನ್ನೊಂದು ವರ್ಷದ ಹುಡುಗನ ಮೂಲಕ ಹಾದುಹೋಗಲಾರದು.

ಅಮೆರಿಕದಲ್ಲಿ ೨೦೧೬ರ ನಿಯಮವೊಂದು, ತೀರ ಆಪತ್ತಿನ ಸಮಯದ ಹೊರತು ಚಿಕ್ಕ ಮಕ್ಕಳನ್ನು ರೋಗಿಗೆ ದುಭಾಷಿಯಾಗಿ ಬಳಸಕೂಡದೆಂದು ಆಸ್ಪತ್ರೆಗಳಿಗೆ ವಿಧಿಸಿತು. ಆಸ್ಟ್ರೇಲಿಯದಲ್ಲಿ ೧೯೭೩ರಿಂದ ಸರಕಾರವೇ ದೂರವಾಣಿಯ ಮೂಲಕ ದುಭಾಷಿಗಳನ್ನು ಒದಗಿಸುತ್ತಿದೆ. ವೈದ್ಯರು ಫೋನು ಎತ್ತಿ ಇಂಥ ಭಾಷೆ ಬೇಕೆಂದರೆ ಸಾಕು. ನಮ್ಮಲ್ಲಿ ಅಂಥ ವ್ಯವಸ್ಥೆ ಬರುವುದೆಂದೋ ಬರಲಿ. ಸದ್ಯಕ್ಕೆ ಎಲ್ಲರ ಜೇಬಿನಲ್ಲಿಯೂ ಫೋನಿದೆ. ವೈದ್ಯರು ಎರಡು ನಿಮಿಷ ಬಿಡುವು ಕೊಟ್ಟರೆ, ಕಚೇರಿಯಲ್ಲಿರುವ ಮಗಳನ್ನೋ ನಂಬಿಕೆಯ ನೆರೆಮನೆಯಾಕೆಯನ್ನೋ ಕರೆದು ಮಾತಾಡಿಸಬಹುದು. ‘ಹುಡುಗನನ್ನು ಸ್ವಲ್ಪ ಹೊರಗೆ ಕೂರಿಸಿ’ ಎಂದು ವೈದ್ಯರೇ ಹೇಳಿದರೆ ನಮ್ಮ ಹೆಂಗಸರಿಗೆ ಎಷ್ಟು ಧೈರ್ಯ ಬರುತ್ತದೆಂಬುದನ್ನು ಅವರು ಊಹಿಸಲಾರರು.

ಅಲ್ಲದೆ ನಮ್ಮ ಹೆಂಗಸರು ಇಂಥವನ್ನು ಕನ್ನಡದಲ್ಲಿಯಾದರೂ ನೇರವಾಗಿ ಹೇಳುತ್ತಾರೆಯೆ? ಇಲ್ಲ. ‘ಹೊರಗಾಗಿದ್ದೇನೆ’ ಎಂದರೆ ಮುಟ್ಟಾಗಿದ್ದೇನೆ ಎಂದು. ‘ಹೊರಕಡೆ ಆಗಿಲ್ಲ’ ಎಂದರೆ ಮಲಬದ್ಧತೆ. ‘ಬಿಳಿ ಸೆರಗು’ ಎಂದರೆ ಸೀರೆಯ ವಿಚಾರವಲ್ಲ. ಕನ್ನಡ ಬಲ್ಲ ಬೆಂಗಳೂರಿನ ವೈದ್ಯರೇ ಬೀದರಿನ ಈ ಮಾತುಗಳಿಗೆ ಮಿಕಿಮಿಕಿ ನೋಡುವುದುಂಟು. ಆದ್ದರಿಂದ ಭಾಷೆ ಒಂದಾದರೆ ಎಲ್ಲ ಸರಿಹೋಯಿತೆಂದು ನಾವು ವಾದಿಸುವುದಿಲ್ಲ. ಕೇಳುವ ತಾಳ್ಮೆ ಬೇಕು. ಕನ್ನಡಕ್ಕೆ ವೈದ್ಯವನ್ನು ಹೇಳುವ ಶಕ್ತಿಯಿಲ್ಲವೆಂದು ಯಾರಾದರೂ ಅಂದರೆ ಮಾತ್ರ ಒಪ್ಪುವುದಿಲ್ಲ. ‘ಕೊರವಂಜಿ’ಯ ರಾಶಿಯವರು ವೈದ್ಯರು, ಡಾ. ಅನುಪಮಾ ನಿರಂಜನರು ಹೆಣ್ಣುಮಕ್ಕಳ ಆರೋಗ್ಯವನ್ನು ಎಷ್ಟು ತಿಳಿಯಾದ ಕನ್ನಡದಲ್ಲಿ ಬರೆದರೆಂಬುದು ನಮ್ಮ ತಾಯಂದಿರಿಗೆ ಗೊತ್ತು, ಡಾ. ಡಿ.ಎಸ್. ಶಿವಪ್ಪನವರು ವೈದ್ಯಪದಗಳಿಗಾಗಿ ದುಡಿದರು. ಆ ಪುಸ್ತಕಗಳು ನಮ್ಮ ಸಂಘದ ಕಪಾಟಿನಲ್ಲಿ ಇರಬೇಕೆಂಬುದು ನಮ್ಮ ಆಸೆ. ಕಾರ್ಯದರ್ಶಿಗಳು ಗಮನಿಸಲಿ.

ಬ್ಯಾಂಕಿನವರಾಗಿ ಒಂದು ಮಾತು ಹೇಳದಿದ್ದರೆ ನಮಗೆ ಸಮಾಧಾನವಿಲ್ಲ. ನಮ್ಮ ಕಟಕಟೆಯಲ್ಲಿ ಹಣ ಕಟ್ಟುವ ಚಲನ್ ಮೂರು ಭಾಷೆಗಳಲ್ಲಿರುತ್ತದೆ. ಹಿಂದಿ, ಇಂಗ್ಲಿಷು, ಪ್ರಾಂತ ಭಾಷೆ. ಸಾಲ ತೆಗೆದುಕೊಳ್ಳುವವರು ಹೆಬ್ಬೆಟ್ಟು ಒತ್ತುವವರಾದರೆ, ಅಥವಾ ಪತ್ರದ ಭಾಷೆಯನ್ನು ಅರಿಯದೆ ತಮ್ಮ ಭಾಷೆಯಲ್ಲಿ ಸಹಿ ಮಾಡುವವರಾದರೆ, ಪತ್ರದಲ್ಲಿರುವುದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ವಿವರಿಸಲಾಗಿದೆ, ಅವರು ಅರ್ಥ ಮಾಡಿಕೊಂಡಿದ್ದಾರೆ ಎಂದು ಬೇರೆಯಾಗಿ ಬರೆಸಿಕೊಳ್ಳುತ್ತೇವೆ. ಹತ್ತು ಸಾವಿರ ರೂಪಾಯಿಗೆ ಇಷ್ಟು ಎಚ್ಚರಿಕೆ. ಆದರೆ ಹೊಟ್ಟೆ ಕೊಯ್ಯುವುದಕ್ಕೆ ಒಪ್ಪಿಗೆ ಪತ್ರ ಎಷ್ಟೋ ಕಡೆ ಬರಿಯ ಇಂಗ್ಲಿಷಿನಲ್ಲಿರುತ್ತದೆ. ರಾತ್ರಿ ಹನ್ನೊಂದಕ್ಕೆ ಗಾಬರಿಯಲ್ಲಿರುವ ಗಂಡನ ಮುಂದೆ ಹಿಡಿದು ‘ಇಲ್ಲಿ ಸಹಿ’ ಎನ್ನುತ್ತಾರೆ. ಒಪ್ಪಿಗೆಯೆಂದರೆ ತಿಳಿದು ಕೊಟ್ಟ ಒಪ್ಪಿಗೆಯಾಗಿರಬೇಕು, ಒಂದು ಪರೀಕ್ಷೆಗೆ ಕೊಟ್ಟದ್ದು ಇನ್ನೊಂದು ಶಸ್ತ್ರಕ್ರಿಯೆಗೆ ಸಲ್ಲದು ಎಂದು ಸುಪ್ರೀಂ ಕೋರ್ಟು ೨೦೦೮ರ ಜನವರಿಯಲ್ಲಿ ಒಂದು ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ೨೦೧೮ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ಕಾಯಿಲೆಯ ವಿವರವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ, ಅವನ ತಿಳಿವಳಿಕೆಯ ಮಟ್ಟಕ್ಕೆ ಹೇಳಬೇಕೆಂಬುದೂ ಸೇರಿದೆ. ಕಾಗದದ ಮೇಲೆ ಎಲ್ಲವೂ ಇದೆ ಎಂದಾಯಿತು. ಹಾಗೆಂದು ವೈದ್ಯರನ್ನು ನಾವು ದೂರುವುದಿಲ್ಲ. ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ ಮಾತ್ರ ದೊರೆಯುವ ಸಾಲಿನಲ್ಲಿ ನಾವು ಕುಳಿತರೂ ಅದನ್ನೇ ಮಾಡುತ್ತಿದ್ದೆವೋ ಏನೋ. ತಿಂಗಳ ಮೊದಲನೆಯ ತಾರೀಖು ನಮ್ಮ ಕಟಕಟೆಗೆ ಬಂದವರಿಗೆ ನಮ್ಮ ಮುಖಭಾವ ಗೊತ್ತಿದೆ.

ಆಹಾರದ ವಿಷಯವೂ ಹೀಗೆಯೆ. ನಮ್ಮ ಬಡಾವಣೆಗೆ ಸಮೀಪದಲ್ಲೇ, ತಾರ್ನಾಕದಲ್ಲಿ, ರಾಷ್ಟ್ರೀಯ ಪೋಷಣ ಸಂಸ್ಥೆಯಿದೆ. ೧೯೧೮ರಲ್ಲಿ ಕೂನೂರಿನಲ್ಲಿ ಚಿಕ್ಕದಾಗಿ ಆರಂಭವಾದ ಈ ಕೇಂದ್ರ ೧೯೫೮ರಲ್ಲಿ ಹೈದರಾಬಾದಿಗೆ ಬಂತು. ಇಲ್ಲಿಗೆ ಬಂದ ಮೇಲೆ ಡಾ. ಸಿ. ಗೋಪಾಲನ್, ಡಾ. ಎಸ್.ಜಿ. ಶ್ರೀಕಂಠಯ್ಯ ಇವರ ಕಣ್ಣಿಗೆ ಬಿದ್ದ ಒಂದು ಸಂಗತಿ ಇದು: ಚರ್ಮ ಒಡೆದು ಕಪ್ಪಾಗುವ ಪೆಲಾಗ್ರ ರೋಗ ಮೆಕ್ಕೆಜೋಳ ತಿನ್ನುವವರದೆಂದು ಗ್ರಂಥಗಳಲ್ಲಿತ್ತು; ಇಲ್ಲಿ ಅದನ್ನು ಹೊತ್ತು ಬರುತ್ತಿದ್ದವರು ನಮ್ಮ ಜೋಳದ ರೊಟ್ಟಿಯ ಬಡವರು. ೧೯೬೦ರಲ್ಲಿ ಅವರು ಅದನ್ನು ಪ್ರಕಟಿಸಿದರು. ಅವರು ಹೇಳಿದ ಕಾರಣದ ಬಗ್ಗೆ ಪಂಡಿತರಲ್ಲಿ ಮುಂದೆ ಚರ್ಚೆಯಾದುದುಂಟು. ನಮಗೆ ಮುಖ್ಯವಾದದ್ದು ಇಷ್ಟೆ: ಪುಸ್ತಕದ ರೋಗಿ ಏನು ತಿನ್ನುತ್ತಾನೆಂದು ನೋಡದೆ, ಎದುರಿಗೆ ಕುಳಿತ ರೋಗಿ ಏನು ತಿನ್ನುತ್ತಾನೆಂದು ಕೇಳಿದರು. ಈಗ ಸಕ್ಕರೆ ಕಾಯಿಲೆಯವರಿಗೆ ಕೊಡುವ ಪಥ್ಯದ ಚೀಟಿಯಲ್ಲಿ ‘ಇಡ್ಲಿ ಎರಡು, ಅನ್ನ ಒಂದು ಬಟ್ಟಲು, ರಾತ್ರಿ ಚಪಾತಿ’ ಎಂದಿರುತ್ತದೆ. ಮೂರು ಹೊತ್ತೂ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಿನ್ನುವ ರಾಯಚೂರಿನ ಮುದುಕರು ಆ ಚೀಟಿಯನ್ನು ನೋಡಿ, ‘ಇದು ನನಗಲ್ಲ, ಬೇರೆಯವರ ಚೀಟಿ’ ಎಂದು ದೇವರ ಪಟದ ಹಿಂದೆ ಸಿಕ್ಕಿಸಿಬಿಟ್ಟರು. ಒಂದು ಲೆಕ್ಕದಲ್ಲಿ ಅವರು ಹೇಳಿದ್ದು ನಿಜ.

ಈ ಊರಿನಲ್ಲಿ ನಾವು ಬಂದು ನೆಲಸಿದವರು. ಇಲ್ಲಿನ ವೈದ್ಯರೆಲ್ಲ ಕನ್ನಡ ಕಲಿಯಲಿ ಎಂದು ಕೇಳುವುದು ನ್ಯಾಯವಲ್ಲ, ಕೇಳುವುದೂ ಇಲ್ಲ. ತೆಲುಗು ಕಲಿಯುವುದು ನಮ್ಮ ಕರ್ತವ್ಯ. ನಮ್ಮಲ್ಲಿ ಬಹುಮಂದಿ ಚೆನ್ನಾಗಿ ಕಲಿತಿದ್ದಾರೆ. ಆದರೆ ಎಪ್ಪತ್ತು ದಾಟಿದ ಮೇಲೆ ಮಗನ ಮನೆಗೆ ಬಂದ ತಾಯಿಯೂ, ಯಾದಗಿರಿಯಿಂದ ಮೂರು ತಿಂಗಳ ಮಟ್ಟಿಗ ಗಾರೆ ಕೆಲಸಕ್ಕೆ ಬಂದ ಕೂಲಿಯೂ ಕಲಿತ ಮೇಲೆ ಕಾಯಿಲೆ ಬೀಳೋಣವೆಂದು ಕಾಯಲಾರರು. ನಮ್ಮ ಕಾರ್ಖಾನೆಗಳಲ್ಲಿ ಬಿಹಾರ, ಒಡಿಶಾ, ಬಂಗಾಳದ ಹುಡುಗರಿದ್ದಾರೆ. ಅವರ ಸ್ಥಿತಿ ನಮಗಿಂತ ಕಷ್ಟ. ಕಿವಿ ಕೇಳದವರು, ಕಣ್ಣು ಕಾಣದವರು ಇದ್ದಾರೆ. ಅವರಿಗಾಗಿ ೨೦೧೬ರ ವಿಕಲಾಂಗರ ಹಕ್ಕುಗಳ ಶಾಸನವಿದೆ. ಅತ್ತ ಬೆಂಗಳೂರಿನ ಆಸ್ಪತ್ರೆಯಲ್ಲಿ ಅನಂತಪುರದ ತೆಲುಗು ಅಜ್ಜಿಯೊಬ್ಬಳು ‘ಆಯಾಸಂ’ ಎನ್ನುವಾಗ ನಮ್ಮ ಕನ್ನಡ ವೈದ್ಯರು ‘ದಣಿವು, ವಿಶ್ರಾಂತಿ ತೆಗೆದುಕೊಳ್ಳಿ’ ಎಂದು ಕಳಿಸದಿರಲಿ ಎಂದು ನಾವು ಹಾರೈಸಬೇಕಲ್ಲವೆ? ಇಲ್ಲಿ ನಮಗಾಗಿ ಕೇಳುವುದನ್ನು ಅಲ್ಲಿ ಅವರಿಗಾಗಿಯೂ ಕೇಳಬೇಕು.

ವೈದ್ಯಮಿತ್ರರಲ್ಲಿ ನಮ್ಮ ಬಿನ್ನಹ ಬಹು ಸಣ್ಣದು. ತಮ್ಮ ಮುಂದುವರಿದ ಶಿಕ್ಷಣದ ಸಭೆಯೊಂದರಲ್ಲಿ ಒಂದು ಗಂಟೆಯನ್ನು ಇದಕ್ಕೆ ಮೀಸಲಿಡಲಿ. ನಮ್ಮ ಒಬ್ಬಿಬ್ಬರು ತಾಯಂದಿರನ್ನು ಅಲ್ಲಿಗೆ ಕರೆಯಲಿ, ಅವರು ತಮ್ಮ ಬಾಯಲ್ಲೇ ಹೇಳುತ್ತಾರೆ. ಇನ್ನೊಂದು, ಮಾತ್ರೆ ಬರೆದುಕೊಟ್ಟ ಮೇಲೆ ‘ಅರ್ಥವಾಯಿತೆ?’ ಎಂದು ಕೇಳದಿರಲಿ. ಅದಕ್ಕೆ ನಮ್ಮವರ ಉತ್ತರ ಯಾವಾಗಲೂ ‘ಹೂಂ’ ಎಂದೇ. ದೊಡ್ಡವರ ಮುಂದೆ ಅರ್ಥವಾಗಲಿಲ್ಲ ಎನ್ನುವುದು ನಮ್ಮಲ್ಲಿ ಅವಿನಯ. ಅದರ ಬದಲು ‘ಮನೆಗೆ ಹೋಗಿ ಇದನ್ನು ಹೇಗೆ ತೆಗೆದುಕೊಳ್ಳುತ್ತೀರಿ, ಹೇಳಿ’ ಎನ್ನಲಿ. ರೋಗಿ ತನ್ನ ಮಾತಿನಲ್ಲಿ ತಿರುಗಿ ಹೇಳಿದಾಗ ಎಡವಟ್ಟು ಅಲ್ಲೇ ಹೊರಬೀಳುತ್ತದೆ. ಈ ಪದ್ಧತಿಯನ್ನು ಹೊರದೇಶಗಳ ಆಸ್ಪತ್ರೆಗಳಲ್ಲಿ ಕ್ರಮವಾಗಿ ಕಲಿಸುತ್ತಾರೆ. ನಮಗಂತೂ ಹೊಸದಲ್ಲ, ಕಟಕಟೆಯಲ್ಲಿ ನೋಟು ಎಣಿಸಿ ಕೊಟ್ಟ ಮೇಲೆ ‘ಎಣಿಸಿಕೊಳ್ಳಿ’ ಎಂದು ಹೇಳದೆ ನಾವು ಯಾರನ್ನೂ ಕಳಿಸುವುದಿಲ್ಲ.

ಸೋದರ ಸೋದರಿಯರಲ್ಲಿಯೂ ಒಂದು ಬಿನ್ನಹವಿದೆ. ಆಸ್ಪತ್ರೆಗೆ ಹೋಗುವ ಮುಂಚೆ, ಎಷ್ಟು ದಿನದಿಂದ ಏನಾಗುತ್ತಿದೆ, ಈಗ ಯಾವ ಮಾತ್ರೆ ನಡೆದಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮಾತ್ರೆಯ ಪಟ್ಟಿಯನ್ನೇ ಜೊತೆಗೆ ಒಯ್ಯಿರಿ. ನೋವು ಎಲ್ಲಿದೆಯೋ ಅಲ್ಲಿ ಬೆರಳಿಟ್ಟು ತೋರಿಸಿ, ಬೆರಳಿಗೆ ಭಾಷೆಯಿಲ್ಲ. ಉಸಿರಿನ ತೊಂದರೆಯಿದ್ದರೆ ಆಯಾಸ ಎನ್ನಬೇಡಿ, ‘ದಮ್ಮು’ ಎನ್ನಿ. ಅದು ಕನ್ನಡಕ್ಕೂ ತೆಲುಗಿಗೂ ಉರ್ದುವಿಗೂ ಒಗ್ಗಿದ ಮಾತು. ‘ಪರಗಡುಪುನ’ ಎಂದರೆ ಖಾಲಿ ಹೊಟ್ಟೆಯಲ್ಲಿ ಎಂಬುದನ್ನೂ, ‘ರೆಂಡು ಪೂಟಲಾ’ ಎಂದರೆ ಎರಡು ಹೊತ್ತು ಎಂಬುದನ್ನೂ ಮನೆಯ ಹಿರಿಯರಿಗೆ ಕಲಿಸಿಡಿ. ಹೆಂಗಸರ ಕಾಯಿಲೆಗೆ ಮಕ್ಕಳನ್ನು ಕಳಿಸಬೇಡಿ. ನಮ್ಮ ಸಂಘದ ಮಹಿಳೆಯರಲ್ಲಿ ನಾಲ್ವರು ಜೊತೆಗೆ ಬರಲು ಒಪ್ಪಿದ್ದಾರೆ, ಅವರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ, ಮುಖ ಪರಿಚಯ ಮಾಡಿಕೊಂಡು ಹೋಗಿ.

ಬಾಗಿಲ ಬಳಿ ಮೇಜಿನ ಮೇಲೆ ಒಂದು ದಪ್ಪ ಪುಸ್ತಕವನ್ನು ಇಟ್ಟಿದ್ದೇವೆ. ನಮ್ಮ ಕಸುಬಿಗೆ ತಕ್ಕ ಲೆಡ್ಜರೇ. ಎಡಗಡೆಯ ಕಲಮಿನಲ್ಲಿ ನಿಮ್ಮ ಮನೆಯಲ್ಲಿ ಕಾಯಿಲೆಗೆ ಆಡುವ ಮಾತು, ಅದು ಯಾವ ತಾಲ್ಲೂಕಿನದೆಂಬುದು ಬರೆಯಿರಿ. ಬಲಗಡೆಯ ಕಲಮನ್ನು ವೈದ್ಯರು ತುಂಬಿಕೊಡುವುದಾಗಿ ಒಪ್ಪಿದ್ದಾರೆ. ಇದುವರೆಗೆ ನಲವತ್ತೆರಡು ಮಾತುಗಳು ಬಂದಿವೆ. ಬೀದರ್ ಕಡೆಯವರದೇ ಹೆಚ್ಚು, ಮೈಸೂರು ಕಡೆಯವರು ಇನ್ನೂ ಕೈಹಚ್ಚಿಲ್ಲ. ಪೆನ್ನು ದಾರಕ್ಕೆ ಕಟ್ಟಿದೆ. ನೂರು ಮಾತುಗಳಾದ ಮೇಲೆ ಅಚ್ಚು ಹಾಕಿಸಿ, ಒಂದೊಂದು ಪ್ರತಿಯನ್ನು ಬಡಾವಣೆಯ ಎಲ್ಲ ಔಷಧಾಲಯಗಳಿಗೂ ಮುಟ್ಟಿಸುವುದೆಂದು ಸಂಘ ತೀರ್ಮಾನಿಸಿದೆ.